ಕೆಂಪು ಬಟ್ಟೆ ಕಟ್ಟಿದ ಗೊನೆ

ಮೊನ್ನೆ ಜೂನ್ ತಿಂಗಳವರೆಗೆ ನನ್ನ ಡೈರಿಯಲ್ಲಿ ಪುಟದ ಗುರುತಿಗೆ ಒಂದು ಬಟ್ಟೆಯ ಚೂರು ಇತ್ತು. ಗೇಣುದ್ದ, ಎರಡು ಬೆರಳಗಲ. ಒಂದು ಕಾಲದಲ್ಲಿ ಕೆಂಪಗಿದ್ದಿರಬೇಕು. ನನಗೆ ಸಿಗುವ ಹೊತ್ತಿಗೆ ಹಳೆಯ ಹೆಂಚಿನ ಬಣ್ಣಕ್ಕೆ ಇಳಿದಿತ್ತು. ಈಗ ಆ ಜಾಗದಲ್ಲಿ ಕೆ.ಆರ್. ನಗರದಿಂದ ಭೇರ್ಯಕ್ಕೆ ಹೋದ ಬಸ್ಸಿನ ಟಿಕೆಟ್ ಇದೆ. ಬಟ್ಟೆ ಹೋಗಿ ಟಿಕೆಟ್ ಬಂದದ್ದು ಹೇಗೆಂದು ಹೇಳಹೊರಟರೆ ನನ್ನ ಮರ್ಯಾದೆ ಸ್ವಲ್ಪ ಹೋಗುತ್ತದೆ. ನಿವೃತ್ತನಾದ ಮೇಲೆ ಅದನ್ನು ಇಟ್ಟುಕೊಂಡು ಮಾಡುವ ಕೆಲಸವೂ ಅಷ್ಟಿಲ್ಲವಾದ್ದರಿಂದ ಹೇಳಬಹುದು.

ನಾನು ಹುಣಸೂರಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡಿದವನು. ಡೈರಿ ಬರೆಯುವ ಚಟ ಮೈಸೂರಿನಲ್ಲಿ ಎಂ.ಎ. ಓದುವಾಗ ಅಂಟಿಕೊಂಡಿತು. ದೊಡ್ಡ ವಿಚಾರಗಳನ್ನೇನೂ ಬರೆಯುವುದಿಲ್ಲ. ಮಳೆ ಬಂತೇ, ಬಸ್ಸು ಎಷ್ಟು ತಡ, ಮಧ್ಯಾಹ್ನ ಏನು ಸಾರು, ಇಷ್ಟೇ. ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ಇತರರ ನೆನಪಿನ ಮೇಲಂತೂ ಮೊದಲಿನಿಂದ ಇರಲಿಲ್ಲ. ನನ್ನದರ ಮೇಲಿದ್ದದ್ದು ಹೋದದ್ದು ಒಂದು ತೆಂಗಿನ ಗಿಡದ ದೆಸೆಯಿಂದ.

ನನಗೊಂದು ನೆನಪಿದೆ. ನನಗೆ ಹತ್ತು ವರ್ಷ. ಅಕ್ಕನ ಮದುವೆಯಾಗಿ ಒಂದು ತಿಂಗಳಾಗಿದೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ನಮ್ಮ ಹಳ್ಳಿಯಿಂದ ಭೇರ್ಯದ ಬಳಿಯ ಅವಳ ಗಂಡನ ಮನೆಗೆ ಅಪ್ಪ ಮತ್ತು ನಾನು ಬಸ್ಸಿನಲ್ಲಿ ಹೋಗುತ್ತಿದ್ದೇವೆ. ನನ್ನ ತೊಡೆಯ ಮೇಲೆ ಗೋಣಿ ಸುತ್ತಿದ ತೆಂಗಿನ ಸಸಿ. ಅದರ ಗರಿ ಮುಂದಿನ ಸೀಟಿನವರ ಕಿವಿಗೆ ತಾಗುತ್ತಿದೆ, ಅವರು ನೊಣ ಎಂದುಕೊಂಡು ಕೈ ಬೀಸುತ್ತಿದ್ದಾರೆ. ನನಗೆ ನಗು ತಡೆಯಲಾಗುತ್ತಿಲ್ಲ. ಗೋಣಿಯ ತೇವ ಚಡ್ಡಿಗೆ ಇಳಿದದ್ದೂ ನೆನಪಿದೆ. ಇಷ್ಟು ವಿವರ ಇರುವ ನೆನಪು ಸುಳ್ಳಾಗುವುದು ಹೇಗೆ ಹೇಳಿ? ಆದರೆ ಅಕ್ಕನ ಪ್ರಕಾರ ನಾನು ಬರಲೇ ಇಲ್ಲ.

"ನೀನೆಲ್ಲಿ ಬಂದಿದ್ದೆ? ನಿಂಗೆ ಜ್ವರ ಬಂದು ಮೂರ್ ದಿನ ಕಂಬಳಿ ಒದ್ಕೊಂಡು ಮಲ್ಗಿದ್ದೆ. ಗಿಡ ತಂದಿದ್ದು ಅಪ್ಪ ಒಬ್ಬನೇಯ."

"ನನ್ನ ತೊಡೆ ಮೇಲೇ ಇತ್ತು ಕಣಕ್ಕ."

"ಕನಸಲ್ಲಿ ಇದ್ದಿರ್ಬೇಕು. ಜ್ವರ ಬಂದಾಗ ಏನೇನೋ ಬಡಬಡಿಸ್ತಿದ್ದೆ."

ಐವತ್ತು ವರ್ಷಗಳಿಂದ ಈ ಮಾತು ನಡೆದಿದೆ. ತೀರ್ಪು ಹೇಳಬಲ್ಲವರಲ್ಲಿ ಅಪ್ಪ ಇಲ್ಲ, ಅವ್ವ ಇಲ್ಲ. ಸಸಿ ಹೊರಟ ಹಳ್ಳಿ ಕೂಡ ಇಲ್ಲ. ಕಬಿನಿಯ ಹಿನ್ನೀರು ಅದರ ಮೇಲೆ ನಿಂತಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಒಮ್ಮೆ ಹೋಗಿ ನೋಡಿದ್ದೆ. ಬಿರುಕು ಬಿಟ್ಟ ಕೆಸರಿನಲ್ಲಿ ನಮ್ಮ ಹಿತ್ತಿಲು ಯಾವುದೆಂದು ಗೊತ್ತಾಗಲಿಲ್ಲ. ಆ ಹಿತ್ತಿಲಿನ ತೆಂಗಿನಲ್ಲಿ ಉಳಿದದ್ದು ಅಕ್ಕನ ಗದ್ದೆಯ ಬದುವಿನ ಮೇಲಿದ್ದ ಒಂದು ಮರ ಮಾತ್ರ.

ಆ ಮರವನ್ನು ಕಡಿಸಬೇಕೆಂದು ನಿಶ್ಚಯವಾದದ್ದು ಎರಡು ವರ್ಷದ ಹಿಂದಿನ ಆಷಾಢದಲ್ಲಿ. ಬೇಸಾಯ ನೋಡಿಕೊಳ್ಳುವವನು ಅಕ್ಕನ ಮಗ ಮಾದೇಶ. ಅವನೂ ಪಕ್ಕದ ಗದ್ದೆಯವರೂ ಸೇರಿ ಬದುವನ್ನು ಟ್ರ್ಯಾಕ್ಟರ್ ಹೋಗುವಷ್ಟು ಅಗಲ ಮಾಡಲು ಒಪ್ಪಿಕೊಂಡರು. ಮರ ನಟ್ಟನಡುವೆ ಬರುತ್ತಿತ್ತು. ಇದರಲ್ಲಿ ಯಾರ ತಪ್ಪೂ ಇಲ್ಲ. ಮರವೂ ಮುದಿಯಾಗಿತ್ತು, ತುದಿ ಸಣ್ಣಗಾಗಿತ್ತು. ಅಕ್ಕ ಅಳಲಿಲ್ಲ, ತಡೆಯಲಿಲ್ಲ. ಒಂದೇ ಷರತ್ತು ಹಾಕಿದಳು.

"ಕಡ್ಸಪ್ಪ, ಬ್ಯಾಡ ಅನ್ನಕಿಲ್ಲ. ಬಿತ್ತನೆಗೊಂದು ಕಾಯಿ ಸಿಕ್ಕೋಗಂಟ ತಡ್ಕೊ. ಬರೋ ವರ್ಸ ನಾಲೆಗ್ ನೀರ್ ಬುಡೋಕ್ ಮುಂಚೆ ಕಡ್ಸು."

ಒಂದು ಕಾಯಿಗೆ ಒಂದು ವರ್ಷವೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ತೆಂಗಿನ ಮರದ ಕೆಳಗೆ ನಿಂತು ಮೇಲೆ ನೋಡಿದರೆ ಉತ್ತರ ಅಲ್ಲೇ ಇರುತ್ತದೆ. ಹೊಟ್ಟೆ ತುಂಬ ನೀರು ಕುಡಿದ ಮರ ಹೆಚ್ಚು ಕಡಿಮೆ ತಿಂಗಳಿಗೊಂದು ಗರಿ ಬಿಡುತ್ತದೆ, ಗರಿಯ ಕಂಕುಳಿನಿಂದ ಒಂದು ಹೊಂಬಾಳೆ. ಹಾಗಾಗಿ ಮರದ ನೆತ್ತಿಯಲ್ಲಿರುವುದು ಈ ತಿಂಗಳದ್ದು, ಕೆಳಗೆ ಜೋತುಬಿದ್ದಿರುವುದು ಹೋದ ವರ್ಷದ್ದು. ಒಂದು ವರ್ಷ ಪೂರ್ತಿ ಒಟ್ಟಿಗೇ ತೂಗುತ್ತಿರುತ್ತದೆ. ಹೊಂಬಾಳೆ ಒಡೆದಾಗ ಅದರ ಬುಡದಲ್ಲಿ ಗೋಲಿಯಂಥ ಹರಳುಗಳು. ಅದರಲ್ಲಿ ಅರ್ಧಕ್ಕೂ ಹೆಚ್ಚು ಉದುರಿ ಹೋಗುತ್ತವೆ. ಚಿಕ್ಕಂದಿನಲ್ಲಿ ಅವನ್ನು ಆಯ್ದು, ಗರಿಯ ಕಡ್ಡಿ ಚುಚ್ಚಿ ಬುಗುರಿ ಮಾಡುತ್ತಿದ್ದೆವು. ಒಂದು ಹರಳು ಉದುರಿದರೆ ಒಂದು ಕಾಯಿ ಹೋಯಿತು ಎಂದು ಅವ್ವ ಗೊಣಗುತ್ತಿದ್ದಳು. ನಮಗೆ ಒಂದು ಬುಗುರಿ ಬಂತು ಎಂದು ಸಂತೋಷ.

ಉಳಿದವು ದಪ್ಪವಾಗುತ್ತವೆ. ಮೊದಲು ಸಿಪ್ಪೆ, ಚಿಪ್ಪು ಬೆಳೆಯುತ್ತವೆ. ಒಳಗೆ ಬರೀ ನೀರು. ಆರನೇ ತಿಂಗಳಿನ ಹೊತ್ತಿಗೆ ಗಂಜಿ ಕಟ್ಟಲು ಶುರುವಾಗುತ್ತದೆ, ಅದೂ ಎಲ್ಲ ಕಡೆ ಒಟ್ಟಿಗಲ್ಲ. ಕಾಯಿಯ ಕಣ್ಣುಗಳಿಗೆ ಎದುರು ತುದಿಯಲ್ಲಿ ಮೊದಲು, ಆಮೇಲೆ ನಿಧಾನವಾಗಿ ಕಣ್ಣಿನ ಕಡೆಗೆ. ಇದನ್ನು ನನಗೆ ಹೇಳಿದವರು ನಮ್ಮ ಸ್ಟಾಫ್ ರೂಮಿನ ಸಸ್ಯಶಾಸ್ತ್ರದ ಮೇಷ್ಟ್ರು. ತೆಂಗು ಶಾಸ್ತ್ರಪ್ರಕಾರ ನಟ್ ಅಲ್ಲವೇ ಅಲ್ಲ, ಮಾವಿನ ಹಾಗೆ ಓಟೆಯಿರುವ ಹಣ್ಣು ಎಂದೂ ಅವರೇ ಹೇಳಿದರು. ನಾನು ಈ ಎರಡೂ ಸುದ್ದಿಯನ್ನು ಉತ್ಸಾಹದಿಂದ ಅಕ್ಕನಿಗೆ ಒಪ್ಪಿಸಿದೆ. ಅವಳು ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳು.

"ಅದ್ಕೇ ಕಣ್ಲಾ, ಎಳೇದ್ರಲ್ಲಿ ತಳದಲ್ಲಿ ಗಂಜಿ, ತೊಟ್ಟಿನ ಕಡೆ ಬರೀ ನೀರು. ಇದ ತಿಳ್ಕೊಳಕ್ಕೆ ಕಾಲೇಜ್‌ಗೆ ಓಗ್ಬೇಕಿತ್ತಾ?" ಎಂದಳು. ಹಣ್ಣಿನ ವಿಷಯಕ್ಕೆ, "ಅಣ್ಣೋ ಕಾಯೋ, ಚಟ್ನಿ ಅಂತೂ ಆಯ್ತದೆ" ಎಂದು ಒಳಗೆ ಹೋದಳು.

ಗಂಜಿ ಗಟ್ಟಿಯಾಗುತ್ತ ದೋರುಗಾಯಿ, ಚಿಪ್ಪು ಕಪ್ಪಾಗುತ್ತ ಬಲಿತ ಕಾಯಿ. ಎಳನೀರು ತುಂಬಿದ ಕೊಡ, ಅಲ್ಲಾಡಿಸಿದರೆ ಸದ್ದಿಲ್ಲ. ಬಲಿಯುತ್ತ ನೀರು ಇಳಿಯುತ್ತದೆ, ಆ ಜಾಗಕ್ಕೆ ಗಾಳಿ ಬರುತ್ತದೆ, ಕುಲುಕಿದರೆ ಗಳಗಳ ಎನ್ನುತ್ತದೆ. ಅವ್ವ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಕುಲುಕಿ, ಬೆರಳ ಗೆಣ್ಣಿನಿಂದ ತಟ್ಟಿ, ಇಂಥದು ಸಾರಿಗೆ, ಇಂಥದು ಬಿತ್ತನೆಗೆ ಎನ್ನುತ್ತಿದ್ದಳು. ಬಿತ್ತನೆಗೆ ಹನ್ನೆರಡು ತಿಂಗಳು ತುಂಬಬೇಕು. ಹೆಚ್ಚಾದರೆ ನಡೆಯುತ್ತದೆ, ಕಡಿಮೆಯಾದರೆ ಇಲ್ಲ. ಬಿತ್ತನೆಗೆಂದು ಆರಿಸಿಕೊಂಡ ಹೊಂಬಾಳೆಯ ದಂಟಿಗೆ ಅದು ಒಡೆದ ವಾರದಲ್ಲೇ ಕೆಂಪು ಬಟ್ಟೆಯ ಚೂರು ಕಟ್ಟುವುದು ನಮ್ಮ ಹುಟ್ಟೂರಿನ ಪದ್ಧತಿ. ಕಟ್ಟಿದ ಗೊನೆಯನ್ನು ಮನೆಯವರಾಗಲಿ ನೆಂಟರಾಗಲಿ ಮುಟ್ಟುವಂತಿಲ್ಲ. ಭೇರ್ಯದ ಕಡೆ ಈ ಪದ್ಧತಿ ಇಲ್ಲ.

ಆ ವರ್ಷ ಮುದಿಮರದಲ್ಲಿ ಬಲಿಯುತ್ತಿದ್ದ ಗೊನೆಯೇ ಇರಲಿಲ್ಲ. ಬೇಸಿಗೆಗೆ ಹರಳೆಲ್ಲ ಉದುರಿತ್ತು, ಉಳಿದದ್ದನ್ನು ಮಂಗಗಳು ಕಚ್ಚಿ ಎಸೆದಿದ್ದವು. ಆಷಾಢದ ಮಳೆಗೆ ಒಂದು ಒಳ್ಳೆಯ ಹೊಂಬಾಳೆ ಬಂತು. ಅದಕ್ಕೆ ಅಕ್ಕ ತನ್ನ ಹಳೇ ಸೀರೆಯ ಚೂರನ್ನು ಜವರಣ್ಣನಲ್ಲದ ಬೇರೆ ಯಾರಿಂದಲೋ ಕಟ್ಟಿಸಿದಳು. ಜವರಣ್ಣ ಅವರ ಮನೆಗೆ ಮರ ಹತ್ತುವವನು, ಆಗ ಕಾಲು ಉಳುಕಿ ಮನೆಯಲ್ಲಿದ್ದ. ಎರಡು ತಿಂಗಳ ತರುವಾಯ ಇನ್ನೊಂದು ಸಣ್ಣ ಹೊಂಬಾಳೆ ಬಂತು. ಅಷ್ಟೇ. ಅಕ್ಕನ ಲೆಕ್ಕ ಸರಿಯಾಗಿತ್ತು: ಬಟ್ಟೆ ಕಟ್ಟಿದ್ದಕ್ಕೆ ವರ್ಷ ತುಂಬುವುದಕ್ಕೂ ಮರ ಬೀಳುವುದಕ್ಕೂ ಸರಿಹೋಗುತ್ತಿತ್ತು.

ಶಿವರಾತ್ರಿಯ ಹಿಂದೆಮುಂದೆ ನಾನು ಅಕ್ಕನ ಮನೆಗೆ ಹೋದೆ. ವಾಪಸು ಬಂದ ವಾರಕ್ಕೆ ಅವಳ ಫೋನು.

"ಕೆಂಪ್ ಬಟ್ಟೆ ಕಟ್ಟಿದ್ ಗೊನೆ ಎಲ್ಲೋಯ್ತ್ಲಾ?"

ನನಗೆ ಎಲ್ಲವೂ ಸ್ಪಷ್ಟವಾಗಿ ನೆನಪಿತ್ತು. ಬಿಸಿಲಿತ್ತು, ಬಾಯಾರಿತ್ತು. ಅಕ್ಕ ಹಾಲಿನ ಡೇರಿಗೆ ಹಾಲು ಹಾಕಲು ಹೋಗಿದ್ದಳು. ಜವರಣ್ಣ ಆಗಲೇ ಬದುವಿನ ಮರಗಳ ಗರಿ ಸವರುತ್ತಿದ್ದ. ನಾನು ಆಚೆ ಮರದ ಗೊನೆ ತೋರಿಸಿದ್ದೆ. "ಜವರಣ್ಣನೇ ತಪ್ಪು ಮರಕ್ಕೆ ಹತ್ತಿರಬೇಕು ಕಣಕ್ಕ," ಎಂದೆ. ನಾನು ಸುಳ್ಳು ಹೇಳುತ್ತಿರಲಿಲ್ಲ. ಸುಳ್ಳು ಹೇಳುವವರಿಗೆ ಕೊನೆಯ ಪಕ್ಷ ನಿಜ ಗೊತ್ತಿರುತ್ತದೆ.

ಅಕ್ಕ ಜವರಣ್ಣನನ್ನು ಕರೆದು ಚೆನ್ನಾಗಿ ಬೈದಳಂತೆ. ಮೇಷ್ಟ್ರು ತೋರಿಸಿದ್ದನ್ನೇ ಕಿತ್ತೆ ಎಂದನಂತೆ ಅವನು. "ನನ್ ತಮ್ಮ ಓದ್ದೋನು, ಅವನಿಗ್ ಗೊತ್ತಿಲ್ವಾ ಬಟ್ಟೆ ಯಾಕ್ ಕಟ್ತಾರೆ ಅಂತ?" ಎಂದು ಇವಳು. ಅವತ್ತಿನಿಂದ ಜವರಣ್ಣ ಆ ಮನೆಯ ಕಡೆ ಬರುವುದನ್ನು ಬಿಟ್ಟ.

ಜೂನ್ ತಿಂಗಳಲ್ಲಿ ನಮ್ಮ ಮನೆಯಲ್ಲಿ ಒಂದು ಕ್ಷುಲ್ಲಕ ವಾದ ಬಂತು. ಗ್ಯಾಸ್ ಸಿಲಿಂಡರ್ ಶಿವರಾತ್ರಿಗೆ ಮೊದಲು ಬಂದಿತ್ತೋ ಆಮೇಲೋ ಎಂದು. ನಾನು ಗೆಲ್ಲುವ ಭರವಸೆಯಿಂದ ಡೈರಿ ತೆಗೆದು ಹಿಂದಿನ ಪುಟ ಮಗುಚಿದೆ. ಸಿಲಿಂಡರಿನ ಸುದ್ದಿ ಸಿಗಲಿಲ್ಲ. ಸಿಕ್ಕಿದ್ದು ಇದು:

"ಅಕ್ಕನ ಮನೆ. ಕಡು ಬಿಸಿಲು. ಬದುವಿನ ಹಳೇ ಮರದಲ್ಲಿ ಕೆಂಪು ಬಟ್ಟೆ ಕಟ್ಟಿದ್ದ ಗೊನೆ ಚೆನ್ನಾಗಿ ಕಂಡಿತು, ಅದನ್ನೇ ಕೀಳಿಸಿದೆ. ಮೂರು ಕುಡಿದೆ. ಗಂಜಿ ತೆಳು, ಸಿಹಿ. ಅಕ್ಕ ಬಂದು ಒಂದು ಕುಡಿದಳು, ಬೆಲ್ಲದ ನೀರಿದ್ದಂಗೈತೆ ಎಂದಳು. ಬಸ್ಸು ಮುಕ್ಕಾಲು ಗಂಟೆ ತಡ."

ನನ್ನದೇ ಅಕ್ಷರ. ಎಡಗೈಯಲ್ಲಿ ಪುಟದ ಗುರುತಿನ ಬಟ್ಟೆ ಇತ್ತು. ನಾಲ್ಕು ತಿಂಗಳು ದಿನವೂ ಅದನ್ನು ಎತ್ತಿ ಮರುದಿನದ ಪುಟಕ್ಕೆ ಇಟ್ಟವನು ನಾನು. ಅದು ಎಲ್ಲಿಂದ ಬಂತು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಗೊನೆ ಕೆಳಗೆ ಬಂದಾಗ ದಂಟಿನಿಂದ ಬಿಚ್ಚಿ ಅಂಟು ಕೈ ಒರೆಸಿಕೊಂಡು ಜೇಬಿಗೆ ಹಾಕಿದ್ದಿರಬೇಕು. "ಇರಬೇಕು" ಎನ್ನುತ್ತಿದ್ದೇನೆ, ಅದನ್ನು ಡೈರಿಯಲ್ಲಿ ಬರೆದಿಲ್ಲ. ಪದ್ಧತಿ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವ್ವ ಬಟ್ಟೆ ಕಟ್ಟಿಸುವುದನ್ನು ನೋಡಿ ಬೆಳೆದವನು. ಹಾಗಾದರೆ ಆ ಬಿಸಿಲಲ್ಲಿ ಮೇಲೆ ನೋಡಿದಾಗ ನನಗೆ ಏನು ಕಂಡಿತು? ಬಹುಶಃ ಎಳನೀರು ಮಾತ್ರ ಕಂಡಿತು.

ಮರುದಿನವೇ ಡೈರಿ ಸಮೇತ ಹೊರಟೆ. ಭೇರ್ಯದಲ್ಲಿ ಇಳಿದಾಗ ಜವರಣ್ಣ ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದ. ನನ್ನನ್ನು ನೋಡಿ ಮುಖ ಅತ್ತ ತಿರುಗಿಸಿದ. ಹತ್ತಿರ ಹೋಗಿ ತಪ್ಪು ನನ್ನದು, ಡೈರಿಯಲ್ಲಿ ನಾನೇ ಬರೆದಿಟ್ಟಿದ್ದೇನೆ ಎಂದೆ.

"ಈಗ ಏಳ್ತಿದ್ದೀರಲ್ಲಾ ಮೇಷ್ಟ್ರೇ. ನಾ ಮ್ಯಾಲಿಂದ ಕೂಗ್ಲಿಲ್ವಾ, ಇದಾ, ಬಟ್ಟೆ ಕಟ್ಟಿರದಾ ಅಂತ? ಊಂ ಅದೇಯ ಅಂದ್ರಿ. ಅಕ್ಕಾರು ತಮ್ಮನ್ಗೇ ಅಂತ ಗುರ್ತು ಮಡ್ಗವ್ರೆ ಅನ್ಕಂಡೆ. ನೆಂಟ್ರಿಗ್ ಅಂತ ಎತ್ತಿಕ್ಕಿರದ ಕಿತ್ತ್ರೆ ತಪ್ಪಾ?"

"ತಪ್ಪಿಲ್ಲ. ಬಾ, ಅಕ್ಕನ ಮುಂದೆ ಹೇಳ್ತೀನಿ."

"ನೀವ್ ಏಳದು ಬ್ಯಾಡ. ಬರ್ದಿದ್ದೀರಂತಲ್ಲ, ಅದ್ನ ಓದ್ರಿ. ಬಾಯ್ ಮಾತ ಯಾರ್ ನಂಬ್ತಾರೆ."

ಅಕ್ಕ ಜಗುಲಿಯ ಮೇಲೆ ಅವರೆಕಾಳು ಆರಿಸುತ್ತಿದ್ದಳು. ನಾನು ನಿಂತುಕೊಂಡೇ ಓದಿದೆ. ಮೊದಲ ದರ್ಜೆಯ ಎಂ.ಎ. ಪದವೀಧರನಾಗಿ ನಾನು ಮಾಡಿದ ಅತ್ಯಂತ ಕಷ್ಟದ ಪಠಣ ಅದು. ಮುಗಿದ ಮೇಲೆ ಅಕ್ಕ ಹುಳುಕು ಕಾಳೊಂದನ್ನು ಹೆಕ್ಕಿ ಅಂಗಳಕ್ಕೆ ಎಸೆದಳು.

"ನಾನೂ ಒಂದ್ ಕುಡ್ದೆ ಅಂತ ಬರ್ದಿದ್ದೀಯಾ?" ಎಂದಳು.

"ಹೂಂ."

"ಬೆಲ್ಲದ್ ನೀರ್ ಅಂತ ನಾನ್ ಅಂದ್ನಾ?"

"ನೀನೇ ಅಂದೆ."

"ಎರಡ್ ನಾನೂ ಕುಡ್ದೆ ಕಣ್ರವ್ವಾ," ಎಂದ ಜವರಣ್ಣ. "ಸುಳ್ಳ್ಯಾಕೆ. ವೈನಾಗಿತ್ತು."

ಅಕ್ಕ ನಕ್ಕುಬಿಟ್ಟಳು. ಮೊರ ಕುಲುಕಿ ಕಾಳು ಚೆಲ್ಲುವಷ್ಟು ನಕ್ಕಳು. ಆಮೇಲೆ ಜವರಣ್ಣನಿಗೆ, "ನಾನ್ ಬೈದಿದ್ದ ವಾಪಸ್ ತಕ್ಕೊಂಡಿವ್ನಿ ಕಣಪ್ಪ. ಊಟ ಮಾಡ್ಕೊಂಡ್ ಓಗು," ಎಂದಳು. ನನಗೆ ಮಾತ್ರ ಮಾಫಿ ಇರಲಿಲ್ಲ. "ಮಿಕ್ಕಿರ ಗೊನೇಲಿ ಐದ್ ಕಾಯಿ ಅವೆ. ಅತ್ತ್ ತಿಂಗ್ಳಾಗೈತೆ. ಮೊಳ್ಕೆ ಬತ್ತದೋ ಇಲ್ವೋ. ಕುಡ್ದೋನು ನೀನು, ಮೊಳ್ಕೆ ತರ್ಸೋನೂ ನೀನೇಯ."

ಮಾದೇಶ ಗಡಿಯಾರ ನೋಡುವವನಂತೆ ನಾಲೆಯ ಕಡೆ ನೋಡುತ್ತಿದ್ದ. ನೀರು ಬಿಟ್ಟ ಮೇಲೆ ಜೆಸಿಬಿ ಇಳಿಸಲಾಗುವುದಿಲ್ಲ. ಆ ಸಲ ನನ್ನ ಪುಣ್ಯಕ್ಕೆ ಮಳೆ ತಡವಾಗಿ ನೀರು ಬಿಡುವುದೂ ಮೂರು ವಾರ ತಡವಾಯಿತು. ಊರೆಲ್ಲ ಆಕಾಶ ನೋಡಿ ಬೇಸರಪಡುತ್ತಿದ್ದಾಗ ಹುಣಸೂರಿನಲ್ಲಿ ಒಬ್ಬ ಮಾತ್ರ ಒಳಗೊಳಗೇ ಸಮಾಧಾನಪಡುತ್ತಿದ್ದ. ಇದನ್ನೂ ಡೈರಿಯಲ್ಲಿ ಬರೆದಿದ್ದೇನೆ, ಹೆಮ್ಮೆಗಲ್ಲ.

ಮರ ಕಡಿಯುವ ದಿನ ಬೆಳಿಗ್ಗೆ ಜವರಣ್ಣ ಹತ್ತಿದ. ಬಿತ್ತನೆಯ ಗೊನೆಯನ್ನು ಕೆಳಗೆ ಬೀಳಿಸುವುದಿಲ್ಲ. ಏಟು ಬಿದ್ದರೆ ಒಳಗಿನ ಜೀವ ಕೆಡುತ್ತದೆ ಎಂದು ಹಗ್ಗ ಕಟ್ಟಿ ಇಳಿಸುತ್ತಾರೆ. ಈಗ ಮರ ಹತ್ತುವವರಿಗೆ ಅಷ್ಟು ವ್ಯವಧಾನವಿಲ್ಲ; ಜವರಣ್ಣನಿಗಿದೆ. ಗೊನೆ ತೂಗುತ್ತ ತೂಗುತ್ತ ಬಂದು ಅಕ್ಕನ ಕೈಗೆ ಮುಟ್ಟಿತು. ಐದೂ ಕಾಯಿಗಳು ಇನ್ನೂ ಹಸಿರು, ಒಂದೊಂದು ಕಡೆ ಕಂದು ಬಣ್ಣ ಹರಡುತ್ತಿತ್ತು. ಅಕ್ಕ ಒಂದೊಂದನ್ನೇ ಕಿವಿಗೆ ಹಿಡಿದು ಕುಲುಕಿದಳು. ನನ್ನ ಕೈಗೆ ಕೊಟ್ಟಳು. ನಾನು ಕುಲುಕಿದೆ. ನೀರಿನ ಸದ್ದು ಇತ್ತು, ಆದರೆ ಅವ್ವನ ಕಾಯಿಗಳ ಹಾಗೆ ಗಳಗಳ ಇರಲಿಲ್ಲ. ಅಥವಾ ಅವ್ವನ ಕಾಯಿಯ ಸದ್ದು ನನಗೆ ಸರಿಯಾಗಿ ನೆನಪಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮರ ಇರಲಿಲ್ಲ. ನಾನು ಐದು ಕಾಯಿಗಳ ಚೀಲ ಹೊತ್ತು ಹುಣಸೂರಿಗೆ ಬಂದೆ. ಒಂದು ತಿಂಗಳು ನೆರಳಿನಲ್ಲಿ ಒಣಗಿಸಿ, ಹಿತ್ತಿಲಿನ ಒಗೆಯುವ ಕಲ್ಲಿನ ಪಕ್ಕ ಮರಳು ಹಾಕಿ, ತೊಟ್ಟಿನ ಭಾಗ ಮೇಲೆ ಕಾಣುವಂತೆ ಹೂತಿಟ್ಟೆ. ಒಗೆದ ನೀರು ಅತ್ತ ಹೋಗಬಾರದು ಎಂದು ಹೆಂಡತಿಗೆ ಹೇಳಿದೆ. "ಎಲ್ಲಿಗೆ ಹೋಗ್ಬೇಕು ಅಂತ ನೀವೇ ನೀರಿಗೆ ಹೇಳಿ," ಎಂದಳು.

ಇತಿಹಾಸ ಓದಿದವನಿಗೆ ಆಗಿಹೋದದ್ದನ್ನು ಕೆದಕುವ ಅಭ್ಯಾಸ ಇರುತ್ತದೆ. ಆಗಬೇಕಾದ್ದಕ್ಕೆ ಕಾಯುವ ಅಭ್ಯಾಸ ಇಲ್ಲವೇ ಇಲ್ಲ. ಆಗಸ್ಟ್ ಹೋಯಿತು, ಸೆಪ್ಟೆಂಬರ್ ಹೋಯಿತು. ಡೈರಿಯಲ್ಲಿ ದಿನವೂ ಒಂದೇ ಸಾಲು: "ಕಾಯಿ: ಏನಿಲ್ಲ." ಭಾನುವಾರ ಭಾನುವಾರ ಅಕ್ಕನ ಫೋನು.

"ಏನ್ಲಾ, ಬಂತಾ?"

"ಇನ್ನೂ ಇಲ್ಲ."

"ಕೆದಕಿ ಗಿದಕಿ ನೋಡ್ಬ್ಯಾಡ."

ನಾನು ಆಗಲೇ ಎರಡು ಸಲ ಕೆದಕಿ ನೋಡಿದ್ದೆ. ಒಂದನ್ನು ಹೆಗ್ಗಣ ತೂತು ಮಾಡಿ ಹೋಗಿತ್ತು. ಇನ್ನೊಂದರ ಕಣ್ಣಿನಿಂದ ಹುಳಿನೀರು ಸೋರಿತು. ದಸರಾ ಕಳೆದ ಮೇಲೆ ಮತ್ತೆರಡರಲ್ಲಿ ನೀರಿನ ಸದ್ದೇ ನಿಂತುಹೋಯಿತು. ಒಂದನ್ನು ಸುಲಿದು ಒಡೆದು ನೋಡಿದೆ. ಮೂರು ಕಣ್ಣುಗಳಲ್ಲಿ ಮೆತ್ತಗಿರುವುದು ಒಂದೇ, ಮೊಳಕೆ ಬರುವುದೂ ಅದರಿಂದಲೇ. ಆ ಕಣ್ಣಿನ ಕೆಳಗೆ, ತಿರುಳಿನ ಗುಳಿಯಲ್ಲಿ, ಒಣಗಿದ ಜೀರಿಗೆಯಷ್ಟು ಒಂದು ಕಡ್ಡಿ ಇತ್ತು. ಅಷ್ಟೇ. ಇಡೀ ಮರ ಆಗಬೇಕಾದ್ದು ಅದು. ಇನ್ನೊಂದು ತಿಂಗಳು ಮರದ ಮೇಲಿದ್ದರೆ ಬಟಾಣಿಯಷ್ಟು ತುಂಬಿಕೊಳ್ಳುತ್ತಿತ್ತೋ ಏನೋ. ಅದನ್ನು ಅಂಗೈಯಲ್ಲಿಟ್ಟುಕೊಂಡು ಫೆಬ್ರವರಿಯಲ್ಲಿ ಕುಡಿದ ಮೂರು ಎಳನೀರಿನ ರುಚಿಯನ್ನು ನೆನಪಿಸಿಕೊಳ್ಳಲು ಯತ್ನಿಸಿದೆ. ನೆನಪಾಗಲಿಲ್ಲ. ಸಿಹಿ ಎಂದು ಬರೆದಿದೆ, ಆದ್ದರಿಂದ ಸಿಹಿಯಾಗಿದ್ದಿರಬೇಕು. ಅಕ್ಕನಿಗೆ ನಾಲ್ಕು ಹೋದವು ಎಂದು ಹೇಳಿದೆ. ಅವಳು "ಊಂ" ಎಂದು ಫೋನಿಟ್ಟಳು.

ಐದನೆಯದು ಐದರಲ್ಲಿ ಚಿಕ್ಕದು. ಅದರ ಮೇಲೆ ನನಗೆ ಆಸೆ ಇರಲಿಲ್ಲವಾದ್ದರಿಂದ ಕೆದಕಲಿಲ್ಲ. ಡಿಸೆಂಬರಿನ ಒಂದು ಬೆಳಿಗ್ಗೆ ಅದರ ತೊಟ್ಟಿನ ಪಕ್ಕ ನಾರು ಸೀಳಿಕೊಂಡು, ಆನೆಯ ಮರಿಯ ಕೋರೆಯಂಥ ಬಿಳಿಯ ಮೊನೆ ಕಂಡಿತು. ಹೊರಗೆ ಅಷ್ಟು ಕಾಣುವ ಹೊತ್ತಿಗೆ ಒಳಗೆ ನೀರಿದ್ದ ಜಾಗದಲ್ಲಿ ಬೆಂಡಿನಂಥ ಹೂವು ತುಂಬಿಕೊಂಡು, ತಿರುಳನ್ನು ಕರಗಿಸಿ ಮೊಳಕೆಗೆ ಉಣಿಸಲು ಶುರುಮಾಡಿರುತ್ತದೆ. ಚಿಕ್ಕಂದಿನಲ್ಲಿ ಆ ಹೂವಿಗಾಗಿ ಮೊಳೆತ ಕಾಯಿಗಳನ್ನು ಕದ್ದು ಒಡೆದು ತಿಂದಿದ್ದೇವೆ. ತೆಂಗಿನ ವಂಶಕ್ಕೆ ನಾನು ಮಾಡಿದ ಅಪಕಾರ ಒಂದೇ ಗೊನೆಯದಲ್ಲ ಎಂದು ಆಗ ಹೊಳೆಯಿತು.

ಅಕ್ಕನಿಗೆ ತಕ್ಷಣ ಹೇಳಲಿಲ್ಲ. ಮೊದಲ ಗರಿ ಬಿಚ್ಚಿದ ಮೇಲೆ ಹೇಳಿದೆ. ಮೂರನೆಯ ಗರಿ ಬಂದಾಗ ಮುಂಗಾರು ಶುರುವಾಗಿತ್ತು. ನೆಡುವ ಕಾಲ.

ಮಾದೇಶ ಕಾರು ತರುತ್ತೇನೆ ಎಂದ. ನಾನು ಬೇಡ ಎಂದೆ. ಕಾರಣ ಹೇಳಲಿಲ್ಲ, ಹೇಳಿದ್ದರೆ ನಗುತ್ತಿದ್ದ. ಸಸಿಯ ಬುಡಕ್ಕೆ ಒದ್ದೆ ಗೋಣಿ ಸುತ್ತಿ, ಗರಿಗಳು ಹರಡದಂತೆ ಡೈರಿಯ ಕೆಂಪು ಬಟ್ಟೆಯಿಂದ ಕಟ್ಟಿ, ಹುಣಸೂರಿನಲ್ಲಿ ಕೆ.ಆರ್. ನಗರದ ಬಸ್ಸು, ಅಲ್ಲಿಂದ ಭೇರ್ಯದ ಬಸ್ಸು ಹತ್ತಿದೆ. ಕಂಡಕ್ಟರ್ ನೋಡಿ, "ಹಿಂದೆ ಇಡಿ ಯಜಮಾನ್ರೇ, ತೊಡೆ ಮೇಲ್ ಯಾಕೆ ಮಡಿಕ್ಕೊಂಡಿದ್ದೀರಿ? ಮಗೂನೇ ಎತ್ಕೊಂಡಂಗೆ," ಎಂದ. ಇರಲಿ ಬಿಡಪ್ಪ ಎಂದೆ. ಬಟ್ಟೆ ಕಟ್ಟಿದ್ದರೂ ಒಂದು ಗರಿ ತಪ್ಪಿಸಿಕೊಂಡು ಮುಂದಿನ ಸೀಟಿನ ಹೆಂಗಸಿನ ಕಿವಿಗೆ ತಾಗುತ್ತಿತ್ತು. ಆಕೆ ನೊಣ ಎಂದು ಕೈ ಬೀಸಲಿಲ್ಲ. ತಿರುಗಿ, "ವಸಿ ಈಚೆಗ್ ಇಡ್ಕೊಳಿ," ಎಂದರು. ಗೋಣಿಯ ತೇವ ಪಂಚೆಗೆ ಇಳಿಯಿತು. ನೆನಪಿನಲ್ಲಿದ್ದಷ್ಟು ಸುಖವಾಗಿರಲಿಲ್ಲ, ಕಾಲು ಜೋಮು ಹಿಡಿಯಿತು.

ಭೇರ್ಯದಲ್ಲಿ ಅದೇ ಟೀ ಅಂಗಡಿಯ ಬೆಂಚಿನ ಮೇಲೆ ಅಕ್ಕ ಕೂತಿದ್ದಳು, ಪಕ್ಕದಲ್ಲಿ ಗುದ್ದಲಿ ಹಿಡಿದ ಜವರಣ್ಣ. ಸಸಿ ಅಪ್ಪಿಕೊಂಡು ಕುಂಟುತ್ತ ಇಳಿದವನನ್ನು ಅಕ್ಕ ಮೇಲಿಂದ ಕೆಳಗಿನವರೆಗೆ ನೋಡಿದಳು. ಗೋಣಿ, ಪಂಚೆಯ ಕಲೆ, ಕೆಂಪು ಬಟ್ಟೆ. ಗರಿಯೊಂದನ್ನು ಬೆರಳಲ್ಲಿ ನೇವರಿಸಿದಳು. ಆಮೇಲೆ ಹೇಳಿದಳು:

"ಈ ಸತಿ ಜ್ವರ ಬರ್ನಿಲ್ವೇನ್ಲಾ?"

ಆ ದಿನದ ಪುಟದಲ್ಲಿ ಎರಡೇ ಸಾಲು ಬರೆದಿದ್ದೇನೆ. ಗಿಡ ತೊಡೆಯ ಮೇಲಿತ್ತು. ಜ್ವರ ಇರಲಿಲ್ಲ.